ಮೆದುಳಿನ ಗಡ್ಡೆಯ ಗುರುತು: ರಕ್ತದ ಹರಿವನ್ನು ಓದುವುದು ಹೇಗೆ?

ಭದ್ರಾ ನಾಲೆಗೆ ನೀರು ಬಿಟ್ಟರೆ ದಾವಣಗೆರೆಯ ಅಚ್ಚುಕಟ್ಟಿನ ಕೊನೆಯ ಭಾಗದ ರೈತರು ಮೂರು ಮಾತು ಕೇಳುತ್ತಾರೆ: ಎಷ್ಟು ಬಂತು, ಯಾವಾಗ ಬಂತು, ದಾರಿಯಲ್ಲಿ ಎಷ್ಟು ಸೋರಿತು? ಪರ್ಫ್ಯೂಷನ್ ಎಂಆರ್‌ಐ (ರಕ್ತದ ಹರಿವನ್ನು ಅಳೆಯುವ ಸ್ಕ್ಯಾನ್) ಮೆದುಳಿನ ಗಡ್ಡೆಯನ್ನು ಕೇಳುವುದೂ ಇವನ್ನೇ.

ಸಾಮಾನ್ಯ ಎಂಆರ್‌ಐ ಗಡ್ಡೆಯ ಜಾಗ, ಗಾತ್ರ, ಸುತ್ತಲಿನ ಬಾವು ತೋರಿಸುತ್ತದೆ. ಆದರೆ ಮೆದುಳಿನಲ್ಲೇ ಹುಟ್ಟುವ ಗ್ಲಯೋಬ್ಲಾಸ್ಟೋಮಾ, ಶ್ವಾಸಕೋಶದಿಂದಲೋ ಸ್ತನದಿಂದಲೋ ಹರಡಿ ಬಂದ ಕ್ಯಾನ್ಸರ್, ಬಿಳಿ ರಕ್ತಕಣಗಳ ಕ್ಯಾನ್ಸರ್ ಆದ ಲಿಂಫೋಮಾ, ಕೆಲವೊಮ್ಮೆ ಕ್ಷಯದ ಗಂಟು ಕೂಡ ಅಲ್ಲಿ ಒಂದೇ ಥರ ಬೆಳ್ಳಗೆ ಹೊಳೆಯಬಹುದು. ಚಿಕಿತ್ಸೆ ಮಾತ್ರ ಬೇರೆ ಬೇರೆ. ಗ್ಲಯೋಬ್ಲಾಸ್ಟೋಮಾವನ್ನು ಆದಷ್ಟು ಕತ್ತರಿಸಿ ತೆಗೆಯುತ್ತಾರೆ. ಲಿಂಫೋಮಾಗೆ ಚಿಕ್ಕ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಮಾಡಿ ಮುಖ್ಯವಾಗಿ ಔಷಧಿಯಲ್ಲಿ ಚಿಕಿತ್ಸೆ ಕೊಡುತ್ತಾರೆ. ತಲೆಬುರುಡೆ ತೆರೆಯುವ ಮೊದಲೇ ಸುಳಿವು ಸಿಗುವುದು ಅದಕ್ಕೇ ಮುಖ್ಯ.

ಹೋಗುವ ಮುನ್ನ: ಮೂತ್ರಪಿಂಡದ ಸ್ಥಿತಿ ಹೇಳುವ ರಕ್ತದ ಕ್ರಿಯಾಟಿನಿನ್ ವರದಿ, ಹಳೆಯ ಸ್ಕ್ಯಾನ್‌ಗಳು ಕೈಯಲ್ಲಿರಲಿ. ಪೇಸ್‌ಮೇಕರ್, ಹಳೆಯ ಶಸ್ತ್ರಚಿಕಿತ್ಸೆಯ ಕ್ಲಿಪ್ ಇದ್ದರೆ ತಿಳಿಸಿ. ಸ್ಟೆರಾಯ್ಡ್ ಶುರುವಾಗಿದ್ದರೆ ಮರೆಯದೆ ಹೇಳಿ. ಅದು ಲಿಂಫೋಮಾವನ್ನು ತಾತ್ಕಾಲಿಕವಾಗಿ ಕುಗ್ಗಿಸಿ ಬಯಾಪ್ಸಿಯನ್ನೇ ದಾರಿ ತಪ್ಪಿಸಬಹುದು. ಹಾಗೆಂದು ನೀವಾಗಿಯೇ ನಿಲ್ಲಿಸಬೇಡಿ.

ಸೂಜಿ: ಇಡೀ ಪರೀಕ್ಷೆ ನಿಂತಿರುವುದು ಇದರ ಮೇಲೆ. ರಕ್ತದ ಹಾದಿ ಚಿತ್ರದಲ್ಲಿ ಕಾಣುವಂತೆ ಮಾಡುವ ಗ್ಯಾಡೊಲಿನಿಯಂ ಔಷಧಿಯನ್ನು ಪಂಪ್ ಮೂಲಕ ಸೆಕೆಂಡಿಗೆ 4ರಿಂದ 5 ಮಿಲಿಲೀಟರ್ ವೇಗದಲ್ಲಿ ಬಿಟ್ಟು, ಹಿಂದೆಯೇ ಸಲೈನ್ ತಳ್ಳುತ್ತಾರೆ. ಅಂಗೈ ಹಿಂಭಾಗದ ತೆಳ್ಳನೆಯ ಸೂಜಿ ಈ ರಭಸ ತಾಳುವುದಿಲ್ಲ. ಔಷಧಿ ಒಟ್ಟಾಗಿ ನುಗ್ಗುವ ಬದಲು ಚದುರಿ ಬರುತ್ತದೆ, ಲೆಕ್ಕ ಕೆಡುತ್ತದೆ. ಮೊಣಕೈ ಮಡಿಕೆಯಲ್ಲಿ ದಪ್ಪ ಸೂಜಿ ಹಾಕುವಾಗ ರೋಗಿ ಮುಖ ಹಿಂಡಿದರೂ ಬೇಡವೆನ್ನಬೇಡಿ. ತೋಳಿನಲ್ಲಿ ತಣ್ಣಗೆ ಹರಿದಂತೆ ಅನಿಸುತ್ತದೆ. ಆ ಎರಡು ನಿಮಿಷ ತಲೆ ಅಲುಗಾಡಬಾರದು.

ಗೆರೆ ಓದುವುದು: ಸುಮಾರು ಒಂದೂವರೆ ಸೆಕೆಂಡಿಗೊಂದು ಚಿತ್ರ. ಪ್ರತಿ ಚಿತ್ರದ ಹೊಳಪನ್ನು ಸಾಲಾಗಿ ಗುರುತಿಸಿದರೆ ಒಂದು ಗೆರೆ ಸಿಗುತ್ತದೆ. ಔಷಧಿ ಹಾಯುವಾಗ ಚಿತ್ರ ಕಪ್ಪಾಗುತ್ತದೆ, ಗೆರೆ ಕೆಳಗಿಳಿದು ಮತ್ತೆ ಏರುತ್ತದೆ. ಆ ಗುಂಡಿಯ ವಿಸ್ತಾರವೇ ರಕ್ತದ ಪ್ರಮಾಣ. ಅದನ್ನು ಮೆದುಳಿನ ಆರೋಗ್ಯವಂತ ಬದಿಯ ಬಿಳಿಭಾಗದೊಂದಿಗೆ ತಾಳೆ ನೋಡುತ್ತಾರೆ. ಗ್ಲಯೋಮಾಗಳಲ್ಲಿ (ಗ್ಲಯೋಬ್ಲಾಸ್ಟೋಮಾ ಸೇರಿದ ಗಡ್ಡೆಗಳ ಗುಂಪು) 1.75 ಪಟ್ಟು ಮೀರಿದರೆ ಉಗ್ರ ದರ್ಜೆಯ ಅನುಮಾನ ಬರುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಆಲಿಗೋಡೆಂಡ್ರೋಗ್ಲಯೋಮಾ ಎಂಬ ಗ್ಲಯೋಮಾ ಸೌಮ್ಯ ದರ್ಜೆಯದಾದರೂ ರಕ್ತ ಹೆಚ್ಚು ಎಳೆದುಕೊಳ್ಳಬಹುದು.

ಗೆರೆಯ ಬಾಲ: ಔಷಧಿ ಹಾದ ಮೇಲೆ ಗೆರೆ ಮರಳಿ ಎಷ್ಟು ಏರಿತು ಎಂಬುದೇ ಬಾಲ. ನನಗೆ ಇದೇ ಅತ್ಯಂತ ಕುತೂಹಲದ ಭಾಗ. ಗ್ಲಯೋಬ್ಲಾಸ್ಟೋಮಾದಲ್ಲಿ ಗೆರೆ ಹೊರಟ ಮಟ್ಟದತ್ತ ಬಹುಪಾಲು ಮೇಲೇರುತ್ತದೆ. ಲಿಂಫೋಮಾದಲ್ಲಿ ರಕ್ತದ ಪ್ರಮಾಣ ಅಷ್ಟೇನೂ ಇರುವುದಿಲ್ಲ, ಗೆರೆ ಮಾತ್ರ ಎಷ್ಟೋ ಸಲ ಹೊರಟ ಮಟ್ಟವನ್ನೂ ದಾಟಿ ಹೋಗುತ್ತದೆ. ಮೆದುಳಿನ ಹೊದಿಕೆಯಲ್ಲಿ ಹುಟ್ಟುವ ಮೆನಿಂಜಿಯೋಮಾದ ನಾಳಗಳಿಗೆ ಮೆದುಳಿನ ನಾಳಗಳ ತಡೆಗೋಡೆಯೇ ಇಲ್ಲ. ರಕ್ತ ತುಂಬಿ ಬರುತ್ತದೆ, ಔಷಧಿ ಸೋರಿ ಅಲ್ಲೇ ನಿಲ್ಲುತ್ತದೆ, ಗೆರೆ ತಳದಲ್ಲೇ ಉಳಿಯುತ್ತದೆ. ಆದರೆ ಯಂತ್ರದ ಹೊಂದಾಣಿಕೆ ಬದಲಾದರೆ ಬಾಲವೂ ಬದಲಾಗುತ್ತದೆ. ಆದ್ದರಿಂದ ಎರಡು ಕೇಂದ್ರಗಳ ಅಂಕಿಗಳನ್ನು ನೇರವಾಗಿ ಹೋಲಿಸಬಾರದು.

ಗಡ್ಡೆಯ ಆಚೆ: ಹರಡಿ ಬಂದ ಕ್ಯಾನ್ಸರ್ ಸುತ್ತಲಿನ ಬಾವಿನಲ್ಲಿ ಇರುವುದು ನೀರು, ರಕ್ತ ಕಡಿಮೆ. ಗ್ಲಯೋಬ್ಲಾಸ್ಟೋಮಾದ ಕೋಶಗಳು ಬಾವಿನೊಳಗೂ ನುಸುಳಿರುವುದರಿಂದ ಅಲ್ಲಿ ರಕ್ತ ಹೆಚ್ಚಿರುತ್ತದೆ. ವರದಿಯಲ್ಲಿ ಬಾವಿನೊಳಗಿನ ರಕ್ತದ ಪ್ರಮಾಣ ಹೇಳುವ ಸಾಲು ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ರೇಡಿಯೇಷನ್ ಮುಗಿದ ಮೇಲೆ ಹೊಳೆಯುವ ಕಲೆ ಕಂಡರೂ ಇದೇ ಪರೀಕ್ಷೆ ನೆರವಿಗೆ ಬರುತ್ತದೆ: ಸತ್ತ ಅಂಗಾಂಶಕ್ಕೆ ರಕ್ತ ಕಡಿಮೆ, ಮರುಕಳಿಸಿದ ಗಡ್ಡೆಗೆ ಹೆಚ್ಚು. ಮೂತ್ರಪಿಂಡ ಸೋತವರಿಗೆ, ಮಕ್ಕಳಿಗೆ ಔಷಧಿಯಿಲ್ಲದೆ ರಕ್ತದ ನೀರನ್ನೇ ಗುರುತಿಸಿ ಅಳೆಯುವ ಎಎಸ್‌ಎಲ್ ವಿಧಾನವಿದೆ.

ಯಾವ ಗೆರೆಯೂ ಬಯಾಪ್ಸಿಯ ಜಾಗ ತುಂಬುವುದಿಲ್ಲ. ಜಗಳೂರಿನಿಂದಲೋ ಚನ್ನಗಿರಿಯಿಂದಲೋ ದಾವಣಗೆರೆಗೆ ಬಂದು ಸ್ಕ್ಯಾನ್ ಮಾಡಿಸಿ, ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೊರಡುವವರು ಫಿಲ್ಮ್ ಮಾತ್ರ ಹಿಡಿದು ಹೋಗಬೇಡಿ. ಪರ್ಫ್ಯೂಷನ್‌ನ ಎಲ್ಲ ಚಿತ್ರಗಳೂ ಇರುವ ಸಿಡಿಯನ್ನು ಕೇಳಿ ಪಡೆಯಿರಿ. ಅಲ್ಲಿನ ವೈದ್ಯರು ಗೆರೆಯನ್ನು ತಾವೇ ಮತ್ತೆ ಎಳೆದು ನೋಡಲು ಬೇಕಾಗುವುದು ಅದೇ.