ಮಂಡಿ ನೋವಿದೆ ಅಂತ ಚಳಿಗಾಲದಲ್ಲಿ ಸೈಕಲ್ ಬಿಡ್ಬೇಡಿ

ಮಂಡಿಗೆ ಪೆಟ್ಟಾಗಿ ಓಟ ನಿಂತೋಯ್ತು ಅಂತ ಕಂಬಳಿ ಹೊದ್ಕೊಂಡು ಕೂತ್ಬಿಡ್ಬೇಡಿ, ಡಾಕ್ಟರು ಸೈಕಲ್ ತುಳೀಬಹುದು ಅಂದಿದ್ರೆ ಶುರು ಮಾಡಿ, ಓಡೋವಾಗ ಪ್ರತಿ ಹೆಜ್ಜೆಗೂ ಮಂಡಿಗೆ ಬೀಳೋ ಏಟು ಇಲ್ಲಿರಲ್ಲ, ಮೈಭಾರ ಹೆಚ್ಚಾಗಿ ಸೀಟೇ ಹೊರುತ್ತೆ.

ಮೊದ್ಲು ಸೀಟ್ ಎತ್ತರ. ಸೀಟಲ್ಲಿ ಕೂತು ಹಿಮ್ಮಡೀನ ಪೆಡಲ್ ಮೇಲಿಟ್ಟು ಪೂರ್ತಿ ಕೆಳಗೆ ತಂದಾಗ ಕಾಲು ನೆಟ್ಟಗಾಗ್ಬೇಕು, ಆಮೇಲೆ ಪಾದದ ಮುಂಭಾಗದಿಂದ ತುಳಿದ್ರೆ ಮಂಡಿ ಸ್ವಲ್ಪ ಬಗ್ಗಿರುತ್ತೆ, ಅಷ್ಟಿದ್ರೆ ಸರಿ. ಸೀಟ್ ತಗ್ಗಿದ್ರೆ ಚಿಪ್ಪಿನ ಮುಂದೇನೇ ನೋವು ಬರುತ್ತೆ, ನಂಗೆ ಎರಡು ವಾರ ಕಾಡಿದ್ದು ಅದೇ, ಒಂದು ಬೆರಳಗಲ ಏರಿಸಿದ್ಮೇಲೆ ಹೋಯ್ತು.

ಗೇರ್ ಹಗುರಕ್ಕಿಟ್ಟು ನಿಮಿಷಕ್ಕೆ 80 ಸುತ್ತಿನ ಆಸುಪಾಸು ತುಳೀರಿ. ಶಿವಮೊಗ್ಗದವ್ರು ತೀರ್ಥಹಳ್ಳಿ ರೋಡಲ್ಲಿ ಗಾಜನೂರು ಕಡೆ ಹೋಗ್ಬಹುದು, ಮೊದ್ಲ ವಾರ ಅರ್ಧ ದಾರಿಗೇ ವಾಪಸ್ ಬನ್ನಿ, ಆಗುಂಬೆ ಘಾಟಿ ಈ ಚಳಿಗಾಲಕ್ಕೆ ಬೇಡವೇ ಬೇಡ. ತುಂಗೆ ಪಕ್ಕ ಬೆಳಗ್ಗೆ ಮಂಜು ಕವಿದ್ರೆ ಎದುರಿನ ಲಾರೀನೂ ಕಾಣಲ್ಲ, ಹಾಗಾಗಿ ಬಿಸಿಲು ಬಂದ್ಮೇಲೆ ಹೊರಡಿ, ಹಿಂದೆ ಕೆಂಪು ಲೈಟ್ ಇರ್ಲಿ, ಮಂಡಿ ಮುಚ್ಚೋ ಪ್ಯಾಂಟ್ ಹಾಕ್ಕೊಳ್ಳಿ.

ವಾರಕ್ಕೆರಡು ದಿನ ಸೈಕಲ್ ಬದ್ಲು ಅಂಗಾತ ಮಲಗಿ ಕಾಲು ನೆಟ್ಟಗೆ ಎತ್ತೋದು, ಸೊಂಟ ಎತ್ತೋದು, 10 ಸಲದ ಹಾಗೆ. ಮಾರನೇ ದಿನ ಮಂಡಿ ಊದಿದ್ರೆ ರೆಸ್ಟ್ ತಗೊಂಡು, ಮುಂದಿನ ಸಲ ದೂರ ಅರ್ಧಕ್ಕಿಳಿಸಿ.