ಕಬ್ಬಿಣದ ಉಲ್ಕೆ: ಕೊಳ್ಳುವುದು ಸುಲಭ, ಒಣಗಿಸುವುದು ಕಷ್ಟ

ನನ್ನ ಹತ್ತಿರ ಅಂಗೈಯಲ್ಲಿ ಕೂರುವಷ್ಟು ಪುಟ್ಟ ತಲೆಬುರುಡೆಯೊಂದಿದೆ. ಕಬ್ಬಿಣದ ಉಲ್ಕೆಯಲ್ಲಿ ಕೆತ್ತಿದ್ದು. ತಂದ ಮೂರೇ ವಾರಕ್ಕೆ ಅದರ ಕಣ್ಣಿನ ಗುಳಿಗಳಿಂದ ಕಿತ್ತಳೆ ಬಣ್ಣದ ನೀರು ಜಿನುಗತೊಡಗಿತು. ಬುರುಡೆ ಅಳ್ತಿದೆ ಎಂದು ಮನೆಯವರೆಲ್ಲ ನಕ್ಕರು. ಆಮೇಲೆ ಅಳುವ ಗೋಳ, ಅಳುವ ಗೂಬೆ, ಅಳುವ ಪದಕ ಎಷ್ಟೋ ಕಂಡೆ. ಎಲ್ಲರೂ ಬೈಯುವುದು ಲೋಹದ ಪಟ್ಟೆ ಎದ್ದು ಕಾಣಲೆಂದು ಹಾಕುವ ಆಸಿಡ್ಡನ್ನು. ಕೆಲಸ ಕೆಟ್ಟಿರುವುದು ಮಾತ್ರ ಆಸಿಡ್ಡಿನ ನಂತರ, ತೊಳೆದು ಒಣಗಿಸುವಾಗ.

ಕೊಳ್ಳುವಾಗ ಪಟ್ಟೆಗಳನ್ನು ನೋಡಿ. ಕ್ಷುದ್ರಗ್ರಹದ ಒಡಲಲ್ಲಿ ಲಕ್ಷಾಂತರ ವರ್ಷ ನಿಧಾನವಾಗಿ ಆರಿದ ಈ ಲೋಹದಲ್ಲಿ ಎರಡು ಬಗೆ ಇರುತ್ತದೆ. ನಿಕಲ್ ಕಡಿಮೆ ಇರುವುದು ಕಮಸೈಟ್, ಜಾಸ್ತಿ ಇರುವುದು ಟೇನೈಟ್. ಆಸಿಡ್ ಕಮಸೈಟನ್ನು ಬೇಗ ತಿನ್ನುತ್ತದೆ. ಟೇನೈಟ್ ತೆಳ್ಳನೆಯ ಗೆರೆಯಾಗಿ ಎದ್ದು ನಿಲ್ಲುತ್ತದೆ. ಇದೇ ವಿಡ್‌ಮನ್‌ಸ್ಟಾಟನ್ ವಿನ್ಯಾಸ. ವಿಯೆನ್ನಾದ ವಿಡ್‌ಮನ್‌ಸ್ಟಾಟನ್ ಇದನ್ನು ಕಂಡದ್ದು 1808ರಲ್ಲಿ. ಅದಕ್ಕೂ ಮೊದಲೇ, 1804ರಲ್ಲಿ, ನೇಪಲ್ಸ್‌ನಲ್ಲಿದ್ದ ವಿಲಿಯಂ ಥಾಮ್ಸನ್ ತುಕ್ಕು ತೆಗೆಯಲು ನೈಟ್ರಿಕ್ ಆಸಿಡ್ ಹಾಕಿ ಇದೇ ಗೆರೆಗಳನ್ನು ನೋಡಿದ್ದ. ಹೆಸರು ಮಾತ್ರ ಇನ್ನೊಬ್ಬರಿಗೆ ಹೋಯಿತು.

ಈ ಗೆರೆಗಳಿಗೆ ಶಿಲ್ಪದ ಗೊಡವೆ ಇಲ್ಲ. ಕೆನ್ನೆಯಿಂದ ಮೂಗಿಗೆ, ಮೂಗಿನಿಂದ ಹಣೆಗೆ ತಮ್ಮ ಪಾಡಿಗೆ ದಾಟಿಕೊಂಡು ಹೋಗುತ್ತವೆ. ಮೇಲ್ಮೈ ತಿರುಗಿದ ಹಾಗೆ ಅವುಗಳ ಕೋನವೂ ಬದಲಾಗುತ್ತದೆ. ಗೆರೆಗಳು ಮೂಗಿನ ಅಂಚಿಗೇ ಬಂದು ನಿಂತಿದ್ದರೆ, ಇಲ್ಲವೇ ಎಲ್ಲ ಕಡೆ ಒಂದೇ ಅಚ್ಚು ಒತ್ತಿದಂತಿದ್ದರೆ ಅದು ಉಕ್ಕಿನ ಮೇಲೆ ಮೂಡಿಸಿದ ಚಿತ್ರ. ಕೈಯಲ್ಲಿ ಹಿಡಿದು ಓರೆ ಮಾಡಿ. ಹೊಳೆಯುತ್ತಿದ್ದ ಪಟ್ಟೆ ಮಂಕಾಗಿ ಪಕ್ಕದ್ದು ಹೊಳೆಯಬೇಕು. ಅಯಸ್ಕಾಂತ ಅಂಟಿತು ಎಂದು ಕುಣಿಯಬೇಡಿ, ಮೊಳೆಗೂ ಅಂಟುತ್ತದೆ.

ಹಾಗಂತ ಪಟ್ಟೆ ಇಲ್ಲದ್ದೆಲ್ಲ ನಕಲಿಯೂ ಅಲ್ಲ. ನಿಕಲ್ ತುಂಬ ಜಾಸ್ತಿ ಇರುವ ಅಟಾಕ್ಸೈಟ್ ಎಂಬ ಜಾತಿಯಲ್ಲಿ ಬರಿಗಣ್ಣಿಗೆ ಏನೂ ಕಾಣುವುದಿಲ್ಲ. 2012ರಲ್ಲಿ ಸುದ್ದಿಯಾದ, ಹತ್ತು ಕಿಲೋಗೂ ಮಿಕ್ಕಿ ತೂಗುವ ಕೂತ ಭಂಗಿಯ ವಿಗ್ರಹ ಇಂಥದ್ದೇ ಚಿಂಗಾ ಉಲ್ಕೆಯಲ್ಲಿ ಕೆತ್ತಿದ್ದು. ಇನ್ನು, ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಡಿದರೆ ಪಟ್ಟೆ ಅಳಿಸಿ ಹೋಗುತ್ತದೆ. ಬಡಿದು ಮಾಡಿದ ಚೂರಿಯ ಮೇಲೆ ಅಚ್ಚುಕಟ್ಟಾದ ವಿನ್ಯಾಸ ಇದ್ದರೆ ಅದು ಎಲ್ಲಿಂದ ಬಂತು ಎಂದು ಕೇಳಿ.

ಮೊದಲ ತುಂಡಿಗೆ ಗಿಬಿಯಾನ್ ಎಂಬ ಉಲ್ಕೆ ಒಳ್ಳೆಯದು, ಅಷ್ಟಾಗಿ ತುಕ್ಕು ಹಿಡಿಯುವುದಿಲ್ಲ. ನಮೀಬಿಯದಿಂದ ಅದನ್ನು ಹೊರಗೆ ಸಾಗಿಸಲು ಕಾನೂನಿನ ತಡೆ ಇದೆ, ಹಾಗಾಗಿ ಹಳೆಯ ಸಂಗ್ರಹದ್ದು ಎನ್ನುವ ಕಾಗದ ಕೇಳಿ ಪಡೆಯಿರಿ. ಸ್ವೀಡನ್ನಿನ ಮುವೊನಿಯೊನಾಲುಸ್ತ ನೋಡಲು ಚೆಂದ, ಸಾಕಲು ತಲೆನೋವು. ಚೀನಾದ ನಾಂಟಾನ್ ಬೇಡವೇ ಬೇಡ.

ಮಂಕಾದ ತುಂಡಿಗೆ ಮತ್ತೆ ಆಸಿಡ್ ಹಾಕುವವರು ಮೊದಲು ಎಮರಿ ಪೇಪರಿನಿಂದ 220, 400, 600 ಎಂದು ಒರಟಿನಿಂದ ನಯಕ್ಕೆ ಉಜ್ಜಿಕೊಳ್ಳಿ. ನೂರು ಪಾಲು ಎಥನಾಲಿಗೆ ಮೂರು ಪಾಲು ನೈಟ್ರಿಕ್ ಆಸಿಡ್ ಸಾಕು. ಆಸಿಡ್ಡನ್ನು ಆಲ್ಕೋಹಾಲಿಗೆ ನಿಧಾನವಾಗಿ ಸೇರಿಸಬೇಕು, ಉಲ್ಟಾ ಅಲ್ಲ. ಬೇಗ ಆಗಲಿ ಎಂದು ಆಸಿಡ್ ಹೆಚ್ಚಿಸಿದರೆ ಸಿಡಿಯುವ ಅಪಾಯವಿದೆ. ಉಳಿದದ್ದನ್ನು ಬಿರಡೆ ಹಾಕಿ ಎತ್ತಿಡಲೇಬೇಡಿ. ಬಯಲಿನಲ್ಲಿ, ಕೈಗವಸು ಕನ್ನಡಕ ಹಾಕಿಕೊಂಡು, ಬ್ರಶ್ಶಿನಿಂದ ಸವರುತ್ತಾ ಇರಿ. ಗೆರೆ ಉಗುರಿಗೆ ಸಿಕ್ಕಿತಾ, ನಿಲ್ಲಿಸಿ. ನೈಟ್ರಿಕ್ ಆಸಿಡ್ಡಿನ ಬದಲು ಫೆರಿಕ್ ಕ್ಲೋರೈಡ್ ಸುಲಭ ಅನ್ನುವವರಿದ್ದಾರೆ. ಸುಲಭವೇ. ಆದರೆ ಅದರ ಕ್ಲೋರೈಡ್, ಅಂದರೆ ಉಪ್ಪಿನಲ್ಲೂ ಇರುವ ಅಂಶ, ಸಂದಿಯಲ್ಲಿ ಉಳಿದು ವರ್ಷಗಟ್ಟಲೆ ತುಕ್ಕು ತರುತ್ತದೆ.

ಇನ್ನು ಎಲ್ಲರೂ ಅವಸರ ಮಾಡುವ ಜಾಗ. ಚಪ್ಪಟೆ ಬಿಲ್ಲೆಯಾಗಿ ಕೊಯ್ದ ಉಲ್ಕೆಯನ್ನು ಸುಮ್ನೆ ಒರೆಸಿದರೂ ಅರ್ಧ ಕೆಲಸ ಆಗುತ್ತದೆ. ಕೆತ್ತಿದ ತುಂಡಿನಲ್ಲಿ ಕಿವಿ, ಕಣ್ಣು, ಹಲ್ಲಿನ ಸಂದು, ಜೊತೆಗೆ ಲೋಹದೊಳಗಿನ ಕೂದಲೆಳೆ ಬಿರುಕು. ಆಸಿಡ್ ಅಲ್ಲೆಲ್ಲ ಹೋಗಿ ಕೂತಿರುತ್ತದೆ.

ಆಸಿಡ್ ಸವರಿ ಮುಗಿದ ತಕ್ಷಣ ತುಂಡನ್ನು ಅಡುಗೆ ಸೋಡಾ ಕರಗಿಸಿದ ನೀರಿಗೆ ಹಾಕಿ. ಗುಳ್ಳೆ ನಿಂತಿತೆಂದು ಎತ್ತಬೇಡಿ, ಮೆತ್ತನೆಯ ಹಲ್ಲುಜ್ಜುವ ಬ್ರಶ್ಶಿನಿಂದ ಸಂದಿಗಳನ್ನು ಉಜ್ಜಿ ಇನ್ನೊಂದು ಗಂಟೆ ಬಿಡಿ. ಸೋಡಾ ಕೂಡ ಒಳಗೆ ಉಳಿಯಬಾರದು. ಡಿಸ್ಟಿಲ್ಡ್ ವಾಟರಿನಲ್ಲಿ ನಾಲ್ಕೈದು ಸಲ, ಪ್ರತಿಸಲ ಹೊಸ ನೀರಿನಲ್ಲಿ ತೊಳೆಯಿರಿ. ನಲ್ಲಿ ನೀರು ಬೇಡ, ಅದರಲ್ಲೇ ಕ್ಲೋರೈಡ್ ಇರುತ್ತದೆ. ಅನುಮಾನ ಇದ್ದರೆ ತೊಳೆದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟು ನೋಡಿ. ಬೆಳ್ಳಗೆ ಕದಡಿದರೆ ಮತ್ತೆ ತೊಳೆಯುವುದೇ.

ಈಗ ಕೈಗವಸು ಬದಲಿಸಿ. ಬೆವರು ಅಂದರೂ ಉಪ್ಪೇ ಅಲ್ವಾ? 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಮುಳುಗಿಸಿಡಿ. 70ರದ್ದು ಅಗ್ಗ, ಆದರೆ ಅದರಲ್ಲಿ ಉಳಿದದ್ದೆಲ್ಲ ನೀರು. ಸಿರಿಂಜಿನಿಂದ ಆಲ್ಕೋಹಾಲನ್ನು ಗುಳಿಗಳೊಳಕ್ಕೆ ಒತ್ತಿ ಬಿಡಿ, ನಾನು ಮೊದಲ ಸಲ ಮಾಡದೇ ಹೋದದ್ದು ಇದನ್ನೇ. ಆಲ್ಕೋಹಾಲ್ ಬದಲಿಸುತ್ತಾ ಹೀಗೆ ಮೂರು ಸಲ ಮಾಡಿ, ಗಾಳಿಗಿಡಿ. ವಾಸನೆ ಪೂರ್ತಿ ಹೋದ ಮೇಲಷ್ಟೇ ನೂರು ಡಿಗ್ರಿಯ ವಿದ್ಯುತ್ ಓವನ್ನಿನಲ್ಲಿ ಎರಡು ಗಂಟೆ ಇಡಿ. ಒದ್ದೆ ಇರುವಾಗಲೇ ಇಟ್ಟರೆ ಆವಿ ಹೊತ್ತಿಕೊಳ್ಳಬಹುದು. ಗ್ಯಾಸ್ ಒಲೆಯ ಹತ್ತಿರವಂತೂ ಒಯ್ಯಬೇಡಿ.

ಬಿಸಿ ಆರುವ ಮೊದಲೇ ಮೈಕ್ರೋಕ್ರಿಸ್ಟಲೈನ್ ಮೇಣ ತೆಳುವಾಗಿ ಹಚ್ಚಿ. ಎಣ್ಣೆಯೂ ನಡೆಯುತ್ತದೆ, ಧೂಳು ಹಿಡಿಯುತ್ತದೆ ಅಷ್ಟೆ. ಪಾರದರ್ಶಕ ಲ್ಯಾಕರ್ ಹೊಡೆದದ್ದನ್ನು ಮಾತ್ರ ನಾನು ಕೊಳ್ಳುವುದಿಲ್ಲ. ಅದರ ಕೆಳಗೆ ಸಿಕ್ಕಿಬಿದ್ದ ತೇವದಿಂದ ಜೇಡರ ಬಲೆಯ ಹಾಗೆ ತುಕ್ಕು ಹರಡುತ್ತದೆ. ಆಗ ಲ್ಯಾಕರ್ ಕಿತ್ತು ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕು.

ಗಾಜಿನ ಪೆಟ್ಟಿಗೆಗೆ ಸಿಲಿಕಾ ಜೆಲ್ ಹಾಕಿ, ತುಂಡನ್ನು ಬಿಳಿ ಕಾಗದದ ಮೇಲೆ ಕೂರಿಸಿ ಒಂದು ತಿಂಗಳು ಬಿಡಿ. ಕಿತ್ತಳೆ ಕಲೆ ಎಲ್ಲಿ ಬಿತ್ತೋ ಅದರ ಮೇಲಿನ ಸಂದಿಯಲ್ಲೇ ನೀರು ಉಳಿದಿದೆ ಎಂದು ಗೊತ್ತಾಗುತ್ತದೆ. ನನ್ನ ಬುರುಡೆ ಎರಡು ಸಲ ಫೇಲಾಯಿತು. ಮೂರನೇ ಸಲದ ಕಾಗದ ಇನ್ನೂ ಬೆಳ್ಳಗಿದೆ.