ಬಳೆ ದಾಟದ ತೋಳು: ಒಂದು ಚಳಿಗಾಲದ ಹೆಣಿಗೆ

2024ರ ದೀಪಾವಳಿ ಮುಗಿದ ವಾರದಲ್ಲಿ ನಾನು ಡೈರಿಯ ಕೊನೆಯ ಪುಟದಲ್ಲಿ ಮೂರು ದಿನಗಳನ್ನು ಬರೆದಿಟ್ಟುಕೊಂಡೆ: ಡಿಸೆಂಬರ್ 25ರ ನಾತಾಳ, ಡಿಸೆಂಬರ್ 30ರ ಎಳ್ಳು ಅಮಾವಾಸ್ಯೆ, ಜನವರಿ 14ರ ಸಂಕ್ರಾಂತಿ. ನಾತಾಳಕ್ಕೆ ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿರುವ ಗೆಳತಿಯ ಮಗನಿಗೆ ಒಂದು ಮಫ್ಲರ್, ಎಳ್ಳು ಅಮಾವಾಸ್ಯೆಗೆ ಬೈಲಹೊಂಗಲ ತಾಲ್ಲೂಕಿನ ಹಳ್ಳಿಯಲ್ಲಿರುವ ಅತ್ತೆಯವರಿಗೆ ಒಂದು ಸ್ವೆಟರ್, ಸಂಕ್ರಾಂತಿಗೆ ನನ್ನ ತಂಗಿಯ ಮೊಮ್ಮಗುವಿಗೆ ಒಂದು ಟೊಪ್ಪಿಗೆ ಎಂದು ಲೆಕ್ಕ ಹಾಕಿದ್ದೆ. ಟಿಳಕವಾಡಿಯ ನಮ್ಮ ಮನೆಯಲ್ಲಿ ಹೆಣಿಗೆಗೆ ನನಗೆ ಸಿಗುವುದು ರಾತ್ರಿ ಊಟವಾದ ಮೇಲಿನ ಒಂದೂವರೆ ತಾಸು ಮಾತ್ರ. ಆದ್ದರಿಂದ ಯಾವ ಕೆಲಸವನ್ನಾದರೂ ಮುಗಿಯಬೇಕಾದ ದಿನದಿಂದ ಹಿಂದಕ್ಕೆ ಎಣಿಸಿಕೊಂಡೇ ಆರಂಭಿಸುತ್ತೇನೆ.

ಮೊದಲು ನೂಲಿನ ವಿಷಯ ಹೇಳಬೇಕು. ನಮ್ಮ ಪೇಟೆಯಲ್ಲಿ ಹೆಣಿಗೆಯ ದಾರ ಯಾವುದೇ ಇರಲಿ, ಅದಕ್ಕೆ ‘ಉಲನ್’ ಎಂದೇ ಹೆಸರು. ಖಡೇಬಜಾರಿನ ಅಂಗಡಿಯಲ್ಲಿ ‘ಉಲನ್ ಕೊಡಿ’ ಎಂದು ಕೇಳಿದರೆ ಹತ್ತರಲ್ಲಿ ಎಂಟು ಸಲ ಕೈಗೆ ಬರುವುದು ಅಕ್ರಿಲಿಕ್. ಅಕ್ರಿಲಿಕ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ತೊಳೆಯುವುದು ಸುಲಭ, ನುಸಿ ಹಿಡಿಯುವುದಿಲ್ಲ, ಬಣ್ಣ ಬಹಳ ಕಾಲ ಉಳಿಯುತ್ತದೆ. ಶಾಲೆಗೆ ಹೋಗುವ ಹುಡುಗನ ಮಫ್ಲರಿಗೆ ಅದೇ ಸರಿ. ಆದರೆ ತಂಗಿಯ ಮಗಳು ಬಾಣಂತನಕ್ಕೆ ಬಂದಿರುವ ಮನೆಯಲ್ಲಿ ದಿನವೂ ಕೂಸಿಗೆ ಎರೆದಾದ ಮೇಲೆ ಅಗ್ಗಿಷ್ಟಿಕೆಯ ಕೆಂಡದ ಮೇಲೆ ಲೋಬಾನ ಉದುರಿಸಿ ಹೊಗೆ ಹಾಕುತ್ತಾರೆ. ಅಕ್ರಿಲಿಕ್ಕಿಗೆ ಕಿಡಿ ತಾಗಿದರೆ ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಹೊತ್ತಿಕೊಂಡರೂ ಕಿಡಿ ದೂರವಾದೊಡನೆ ಬಹುಮಟ್ಟಿಗೆ ತಾನೇ ಆರುತ್ತದೆ. ಅದಕ್ಕಾಗಿ ಕೂಸಿನ ಟೊಪ್ಪಿಗೆಗೆ ನಿಜವಾದ ಉಣ್ಣೆಯೇ ಬೇಕೆಂದು ನಾನು ಹಟ ಹಿಡಿದೆ.

ನಿಜವಾದದ್ದೋ ಅಲ್ಲವೋ ಎಂದು ತಿಳಿಯಲು ಚೀಟಿಯನ್ನು ಓದಿದರೆ ಸಾಲದು. ಬಿಡಿ ಉಂಡೆಗಳಿಗೆ ಚೀಟಿಯೇ ಇರುವುದಿಲ್ಲ. ನಾನು ಗೇಣುದ್ದದ ಒಂದು ತುಂಡನ್ನು ಕೇಳಿ ಪಡೆದು ಮನೆಗೆ ತಂದು, ಸ್ಟೀಲ್ ತಟ್ಟೆಯ ಮೇಲೆ ಚಿಮಟಿಗೆಯಲ್ಲಿ ಹಿಡಿದು ಕಡ್ಡಿ ಗೀರಿ ನೋಡುತ್ತೇನೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ತುದಿಯಲ್ಲಿ ಉಳಿದ ಕರಿಯನ್ನು ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಚುರುಚುರು ಉರಿದು, ಕರಗಿ, ತಣ್ಣಗಾದ ಮೇಲೆ ಸಾಸಿವೆಯಂಥ ಗಟ್ಟಿ ಕಾಳಾಗಿ ನಿಲ್ಲುತ್ತದೆ. ಆ ಸಲ ನಾಲ್ಕು ಅಂಗಡಿಗಳಿಂದ ತಂದ ತುಂಡುಗಳಲ್ಲಿ ಒಂದು ಮಾತ್ರ ಪುಡಿಯಾಯಿತು, ಉಳಿದ ಮೂರೂ ಕಾಳು ಕಟ್ಟಿದವು.

ಅತ್ತೆಯವರ ಊರಿನಲ್ಲಿ ಕುರುಬರ ಮನೆಗಳಿವೆ, ದಖ್ಖನಿ ಕುರಿಯ ಕರಿ ಉಣ್ಣೆ ಅಲ್ಲಿ ಸಿಗುತ್ತದೆ. ಊರಿನ ಉಣ್ಣೆಯಲ್ಲೇ ಅತ್ತೆಯವರ ಸ್ವೆಟರ್ ಆಗಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು. ಹಿಂದಿನ ವರ್ಷ ಒಂದಿಷ್ಟು ನೂಲನ್ನು ತಂದಿದ್ದೆ. ಕಂಬಳಿಗೆಂದು ಸಿದ್ಧಪಡಿಸಿದ ಆ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿದ್ದರು. ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಮೂರು ಸಲ ನೀರು ಬದಲಿಸಿದ ಮೇಲೆ ಅದು ಮೆತ್ತಗಾಯಿತು. ಆದರೂ ಕುತ್ತಿಗೆಗೆ ಸುತ್ತಿ ನೋಡಿದಾಗ ಎರಡು ನಿಮಿಷ ತಡೆಯಲಾಗಲಿಲ್ಲ. ಮೆರಿನೊ ಕುರಿಯ ಎಳೆ ಸುಮಾರು 20 ಮೈಕ್ರಾನ್ ದಪ್ಪ ಇರುತ್ತದೆ. ಎಳೆಯ ದಪ್ಪ 30 ಮೈಕ್ರಾನ್ ದಾಟಿತೆಂದರೆ ಅದರ ತುದಿ ಬಾಗದೆ ಚರ್ಮಕ್ಕೆ ಚುಚ್ಚುತ್ತದೆ. ನಮ್ಮ ಕುರಿಯ ಉಣ್ಣೆ ಇರುವುದೇ ಮಳೆಯಲ್ಲಿ ಹೊದ್ದು ನಿಲ್ಲುವುದಕ್ಕೆ, ಕಲ್ಲುನೆಲದ ಮೇಲೆ ಹಾಸುವುದಕ್ಕೆ. ಆ ನೂಲಿನಿಂದ ದಪ್ಪ ಕಡ್ಡಿಯಲ್ಲಿ ಒಂದು ಆಸನ ಹೆಣೆದೆ. ಅದು ಈಗಲೂ ದೇವರ ಮನೆಯಲ್ಲಿದೆ, ಒಂದು ಎಳೆಯೂ ಸವೆದಿಲ್ಲ. ಅತ್ತೆಯವರಿಗೆ ಮೆರಿನೊ ನೂಲನ್ನೇ ಕೊಂಡೆ. ಬಣ್ಣ ನೇರಳೆ ಹಣ್ಣಿನದು.

ಅಳತೆಯ ತುಂಡಿನ ಬಗ್ಗೆ, ಅಂದರೆ ಕುಣಿಕೆಗಳ ಲೆಕ್ಕ ತಿಳಿಯಲು ಮೊದಲು ಹೆಣೆದು ನೋಡುವ ಸಣ್ಣ ಮಾದರಿಯ ಬಗ್ಗೆ, ನಾನು ವಿಸ್ತಾರವಾಗಿ ಬರೆಯುವುದಕ್ಕೆ ಕಾರಣವಿದೆ. ಹೆಣಿಗೆ ಕಲಿತ ಮೊದಲ ಹತ್ತು ವರ್ಷ ನಾನು ಅದನ್ನು ಹೆಣೆಯುತ್ತಲೇ ಇರಲಿಲ್ಲ, ಆ ವರ್ಷಗಳ ಸ್ವೆಟರುಗಳಲ್ಲಿ ಅರ್ಧದಷ್ಟು ಯಾರದೋ ಮೈಗೆ ಎಂದು ಹೊರಟು ಇನ್ನಾರದೋ ಮೈಗೆ ಸೇರಿದವು. ಈಗ ಎಂಟನೆಯ ನಂಬರಿನ ಕಡ್ಡಿಯಲ್ಲಿ, ಅಂದರೆ 4 ಮಿಲಿಮೀಟರಿನ ಕಡ್ಡಿಯಲ್ಲಿ, 15 ಸೆಂಟಿಮೀಟರ್ ಚೌಕದ ಒಂದು ತುಂಡನ್ನು ಮೊದಲು ಹೆಣೆಯುತ್ತೇನೆ. ಹಳೆಯ ಲೆಕ್ಕದಲ್ಲಿ ನಂಬರು ಏರಿದಂತೆ ಕಡ್ಡಿ ತೆಳುವಾಗುತ್ತದೆ ಎಂಬುದನ್ನು ಹೊಸಬರು ನೆನಪಿಡಬೇಕು. ಹತ್ತನೆಯ ನಂಬರು 3.25 ಮಿಲಿಮೀಟರ್, ಹನ್ನೊಂದನೆಯದು 3 ಮಿಲಿಮೀಟರ್. ಹೆಣೆದ ತುಂಡಿನ ಅಂಚನ್ನು ಬಿಟ್ಟು ನಡುವಿನ 10 ಸೆಂಟಿಮೀಟರಿನಲ್ಲಿ ಕುಣಿಕೆಗಳನ್ನು ಎಣಿಸಿದಾಗ 23 ಬಂದವು. ತುಂಡನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹಾಸಿ ಒಣಗಿಸಿದ ಮೇಲೆ ಮತ್ತೆ ಎಣಿಸಿದರೆ 22 ಆಗಿದ್ದವು. ಒಂದೇ ಕುಣಿಕೆಯ ವ್ಯತ್ಯಾಸ. ಅತ್ತೆಯವರ ಎದೆಯ ಸುತ್ತಳತೆ 92 ಸೆಂಟಿಮೀಟರ್, ಕುಪ್ಪಸದ ಮೇಲೆ ಹಾಕಿಕೊಳ್ಳುವುದಾದ್ದರಿಂದ 8 ಸೆಂಟಿಮೀಟರ್ ಸಡಿಲ ಸೇರಿಸಿ 100. ತೊಳೆಯುವ ಮೊದಲಿನ ಲೆಕ್ಕ ನಂಬಿದ್ದರೆ 230 ಕುಣಿಕೆ ಹಾಕುತ್ತಿದ್ದೆ, ಮೊದಲ ಒಗೆತಕ್ಕೇ ಸ್ವೆಟರ್ ನಾಲ್ಕೂವರೆ ಸೆಂಟಿಮೀಟರ್ ಅಗಲವಾಗುತ್ತಿತ್ತು. 220 ಹಾಕಿದೆ.

ಕಂಕುಳವರೆಗೆ 35 ಸೆಂಟಿಮೀಟರ್ ಉದ್ದಕ್ಕೆ 98 ಸಾಲು, ಅಂದರೆ 21,560 ಕುಣಿಕೆ. ನಾನು ನಿಮಿಷಕ್ಕೆ ಸುಮಾರು 30 ಕುಣಿಕೆ ಹೆಣೆಯುತ್ತೇನೆ, ಗಡಿಯಾರ ನೋಡಿಯೇ ಎಣಿಸಿಕೊಂಡಿದ್ದೇನೆ. ಆ ಲೆಕ್ಕಕ್ಕೆ 12 ತಾಸು, ನನ್ನ ರಾತ್ರಿಗಳಲ್ಲಿ ಎಂಟು. ಲೆಕ್ಕದಂತೆಯೇ ನಡೆಯಿತು. ಮೈ ಭಾಗವನ್ನು ಮುಂದೆ ತೆರೆದಿರುವಂತೆ ಒಂದೇ ತುಂಡಾಗಿ ಹೆಣೆದೆ, ಏಕೆಂದರೆ ತಲೆಯ ಮೇಲೆ ಸೆರಗು ಹೊದ್ದಿರುವ ಎಪ್ಪತ್ತೆರಡು ವರ್ಷದ ಹೆಣ್ಣುಮಗಳಿಗೆ ತಲೆಯಿಂದ ತೂರಿಸಿಕೊಳ್ಳುವ ಸ್ವೆಟರ್ ಕೊಡುವುದು ಸರಿಯಲ್ಲ. ಬೆರಳಿನ ಗಿಣ್ಣುಗಳು ಬಿಗಿದಿರುವ ಅವರಿಗೆ ಹಿಡಿಯಲು ಬರುವಂತೆ ಗುಂಡಿಗಳನ್ನು ಎರಡೂವರೆ ಸೆಂಟಿಮೀಟರ್ ಅಗಲದವನ್ನೇ ಆರಿಸಿದೆ. ರೊಟ್ಟಿ ಬಡಿಯುವಾಗ ಹಿಟ್ಟು ಹತ್ತಬಾರದೆಂದು ತೋಳನ್ನು ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ನಿಲ್ಲಿಸಿದೆ. ಇಷ್ಟೆಲ್ಲ ಯೋಚಿಸಿದವಳು ಬಳೆಯನ್ನು ಮರೆತೆ.

ಅದಕ್ಕೂ ಮೊದಲು ನೂಲು ಸಾಲಲಿಲ್ಲ. ಬೇಕಿದ್ದದ್ದು 500 ಗ್ರಾಂ, ಅಂಗಡಿಯಲ್ಲಿ ಆಗ ಇದ್ದದ್ದು 400. ಉಳಿದದ್ದನ್ನು ತರಿಸಿಕೊಡುತ್ತೇವೆ ಎಂದಿದ್ದರು, ಡಿಸೆಂಬರ್ ಮೂರನೆಯ ವಾರದಲ್ಲಿ ಬಂತು. ಆ ದಿನಗಳಲ್ಲಿ ಇಡೀ ಬೆಳಗಾವಿ ದೀಪಗಳಿಂದ ತುಂಬಿತ್ತು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಕಾಂಗ್ರೆಸ್ ಅಧಿವೇಶನ ನಡೆದದ್ದು ನಮ್ಮ ಟಿಳಕವಾಡಿಯಲ್ಲೇ, ಅದರ ಶತಮಾನೋತ್ಸವದ ಸಿದ್ಧತೆ ನಡೆದಿತ್ತು. ಸಂಜೆ ಏಳರ ಮೇಲೆ ಆ ಬೆಳಕಿನಲ್ಲೇ ಹೋಗಿ, ಟ್ಯೂಬ್‌ಲೈಟಿನ ಕೆಳಗೆ ಬಣ್ಣ ಹೋಲಿಸಿ ನೋಡಿ, ಒಂದೇ ಎಂದುಕೊಂಡು ತಂದೆ. ಮರುದಿನ ಮುಂಜಾನೆ ಬಿಸಿಲಿಗೆ ಹಿಡಿದಾಗ ಹೊಸ ನೂಲು ಕೆಂಪಿನತ್ತ ಹೊರಳಿತ್ತು. ಲಾಟ್ ನಂಬರ್ ಬೇರೆಯಾಗಿತ್ತು. ಒಂದೇ ಬಣ್ಣದ ಹೆಸರಿದ್ದರೂ ಒಂದು ಹಂಡೆಯಲ್ಲಿ ಅದ್ದಿದ ನೂಲು ಇನ್ನೊಂದು ಹಂಡೆಯದಕ್ಕೆ ಪೂರ್ತಿ ಹೊಂದುವುದಿಲ್ಲ. ಅರ್ಧವಾಗಿದ್ದ ಮೊದಲ ತೋಳನ್ನು ಬಿಚ್ಚಿದೆ. ತೋಳಿನ ತುದಿಯ ಬಾರ್ಡರನ್ನು ಹಳೆಯ ನೂಲಿನಲ್ಲಿ ಉಳಿಸಿಕೊಂಡು, ಅಲ್ಲಿಂದ ಮೇಲಕ್ಕೆ ಎರಡು ಸಾಲು ಹಳೆಯದು, ಎರಡು ಸಾಲು ಹೊಸದು ಹೀಗೆ ಎರಡೂ ತೋಳುಗಳನ್ನು ಹೆಣೆದೆ. ಹೀಗೆ ಬೆರೆಸಿದರೆ ಕಣ್ಣು ಗಡಿಯನ್ನು ಹುಡುಕಲಾರದು. ಆದರೆ ಮೂರು ರಾತ್ರಿಗಳು ಹೋದವು. ಒಮ್ಮೆಗೇ ಪೂರ್ತಿ ನೂಲು ಸಿಗದಿದ್ದರೆ ಆ ಬಣ್ಣವನ್ನೇ ಬಿಟ್ಟುಬಿಡುವುದು ಲೇಸು ಎಂಬುದು ಈಗ ನನ್ನ ಗಟ್ಟಿ ಅಭಿಪ್ರಾಯ.

ಡಿಸೆಂಬರ್ 24ರಂದು ಅತ್ತೆಯವರು ಕಣ್ಣು ತೋರಿಸಿಕೊಳ್ಳಲು ಊರಿನಿಂದ ಬಂದರು. ಸಂಜೆ ಚಹಾ ಕುಡಿದ ಮೇಲೆ ತೊಡಿಸಿ ನೋಡಿದೆ. ಬಲಗೈ ತೋಳಿನೊಳಗೆ ಇಳಿದು ಬಾರ್ಡರಿನ ಬಳಿ ನಿಂತಿತು. ಕೈತುಂಬ ಇದ್ದ ಹಸಿರು ಗಾಜಿನ ಬಳೆಗಳು ಒಂದರ ಮೇಲೊಂದು ಕೂಡಿಕೊಂಡು ಒಳಗೇ ಸಿಕ್ಕಿದ್ದವು. ನಾನು ಎಳೆದೆ, ಒಂದು ಬಳೆ ‘ಟಣ್’ ಎಂದಿತು. ‘ತಡಿಯವ್ವಾ, ಬಳಿ ಒಡೀತಾವು. ಹಬ್ಬದಾಗ ಕೈ ಖಾಲಿ ಮಾಡಬ್ಯಾಡ’ ಎಂದು ಅವರು ಮೆಲ್ಲಗೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು ಎಂದು ನನಗೆ ಕಲಿಸಿದವರೇ ಅವರು. ಆ ಗಾಬರಿಯಲ್ಲಿ ಅವರಿಗೂ ಅದು ಮರೆತಿತ್ತು. ಬಾರ್ಡರಿಗೆ ನಾನು ಹಾಕಿದ್ದು 40 ಕುಣಿಕೆ, ಹತ್ತನೆಯ ನಂಬರಿನ ಕಡ್ಡಿಯಲ್ಲಿ, ಒಂದು ಸೀದಾ ಒಂದು ಉಲ್ಟಾ. ಬರಿಗೈಗೆ ಅದು ಹಿತವಾಗಿಯೇ ಹಿಗ್ಗುತ್ತದೆ. ಆದರೆ ಗಾಜಿನ ಬಳೆ ಆ ಸಾಲುಗಳ ನಡುವಿನ ಗೆರೆಗಳಲ್ಲಿ ಸಿಕ್ಕಿಕೊಳ್ಳುತ್ತದೆ.

ತೋಳುಗಳು ಕೆಳಗಿನಿಂದ ಮೇಲಕ್ಕೆ ಹೆಣೆದವು. ಬಾರ್ಡರನ್ನು ಬಿಚ್ಚಲು ಇಡೀ ತೋಳನ್ನು ಬಿಚ್ಚಬೇಕಿಲ್ಲ, ಧೈರ್ಯ ಮಾತ್ರ ಬೇಕು. ಬಾರ್ಡರ್ ಮುಗಿದು 52 ಕುಣಿಕೆಗೆ ಏರಿಸಿದ ಮೇಲಿನ ಮೊದಲ ಸಾಲಿನಲ್ಲಿ, ನಟ್ಟನಡುವಿನ ಒಂದು ಕುಣಿಕೆಯನ್ನು ಕಸೂತಿಯ ಸಣ್ಣ ಕತ್ತರಿಯಿಂದ ಕತ್ತರಿಸಿದೆ. ಅಲ್ಲಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೊಂಡು ಸೂಜಿಯಲ್ಲಿ ಆ ಒಂದು ಸಾಲನ್ನಷ್ಟೇ ಎಳೆಯುತ್ತ ಹೋದರೆ ಮೇಲಿನ ಕುಣಿಕೆಗಳು ಒಂದೊಂದಾಗಿ ಬಾಯಿ ತೆರೆಯುತ್ತವೆ; ತೆರೆದ ಪ್ರತಿಯೊಂದನ್ನೂ ಹನ್ನೊಂದನೆಯ ನಂಬರಿನ ತೆಳು ಕಡ್ಡಿಗೆ ಏರಿಸಿಕೊಳ್ಳಬೇಕು. ಉಣ್ಣೆಯಾದ್ದರಿಂದ ಎಳೆ ಎಳೆಯನ್ನು ಹಿಡಿದಿರುತ್ತದೆ, ಕುಣಿಕೆ ಜಾರಿ ಓಡುವುದಿಲ್ಲ. ಕೆಳಮುಖವಾಗಿ ಎತ್ತಿಕೊಂಡಾಗ 52 ಇದ್ದಲ್ಲಿ 51 ಮಾತ್ರ ಸಿಗುತ್ತವೆ. ಅದು ತಪ್ಪಲ್ಲ, ಎರಡು ಕುಣಿಕೆಗಳ ನಡುವಿನ ಜಾಗಗಳು ಒಂದು ಕಡಿಮೆ ಇರುವುದರಿಂದ ಹಾಗಾಗುತ್ತದೆ, ಅಂಚಿನಲ್ಲಿ ಒಂದನ್ನು ಹೆಚ್ಚಿಸಿಕೊಂಡರಾಯಿತು. ಕೆಳಮುಖವಾಗಿ ಮತ್ತೆ ಸೀದಾ ಉಲ್ಟಾ ಹೆಣೆದರೆ ಸಾಲುಗಳು ಅರ್ಧ ಕುಣಿಕೆಯಷ್ಟು ಪಕ್ಕಕ್ಕೆ ಸರಿದು ಕಾಣುತ್ತವೆ. ನನಗೆ ಆ ಗೆರೆಗಳೇ ಬೇಡವಾಗಿದ್ದರಿಂದ ಎರಡೂ ಬದಿಯಿಂದ ಸೀದಾ ಹೆಣೆದು, ಎಂಟನೆಯ ನಂಬರಿನಲ್ಲೇ ಹತ್ತು ಸಾಲು ಮಾಡಿ ಸಡಿಲವಾಗಿ ಮುಚ್ಚಿದೆ. ಈಗ ತೋಳಿನ ಬಾಯಿ 23 ಸೆಂಟಿಮೀಟರಿಗಿಂತ ತುಸು ಹೆಚ್ಚು, ಬಳೆಗಳು ಸದ್ದಿಲ್ಲದೆ ದಾಟುತ್ತವೆ.

ಈ ಗದ್ದಲದ ನಡುವೆ ನಾತಾಳದ ಮಫ್ಲರ್ ಹೇಗೋ ಮುಗಿದಿತ್ತು. ಕೆಂಪು ಅಕ್ರಿಲಿಕ್, ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಕೊಡಲು ಹೋದಾಗ ಗೆಳತಿ ನೆವರಿಗಳ, ಅಂದರೆ ಕರಜಿಕಾಯಿಗಳ, ಡಬ್ಬಿ ಕೈಗಿಟ್ಟಳು. ಕ್ಯಾಂಪಿನಲ್ಲಿ ವರ್ಷದ ಕೊನೆಯ ರಾತ್ರಿ ಸುಡಲೆಂದು ಹುಡುಗರು ಹುಲ್ಲು ತುಂಬಿ ‘ಓಲ್ಡ್ ಮ್ಯಾನ್’ ಗೊಂಬೆ ಮಾಡುತ್ತಿದ್ದರು, ಅದರ ಕುತ್ತಿಗೆಗೂ ಒಂದು ಹಳೆಯ ಮಫ್ಲರ್ ಕೊಡಿ ಎಂದು ಕೇಳಿದರು. ಕರಗಿದ ಅಕ್ರಿಲಿಕ್ಕಿನ ಹನಿ ಸುತ್ತ ನಿಂತ ಮಕ್ಕಳ ಮೇಲೆ ಬೀಳುವುದು ಬೇಡವೆಂದು ನಾನು ಹತ್ತಿಯ ಹಳೆಯ ಪಂಚೆಯ ತುಂಡನ್ನು ಕಳುಹಿಸಿದೆ.

ಕೂಸಿನ ಟೊಪ್ಪಿಗೆಯ ಲೆಕ್ಕವನ್ನು ಬೇಕಾದವರಿಗೆ ಅನುಕೂಲವಾಗಲೆಂದು ಇಲ್ಲಿಯೇ ಬರೆಯುತ್ತೇನೆ. ತಲೆಯ ಸುತ್ತಳತೆ 39 ಸೆಂಟಿಮೀಟರ್. ಟೊಪ್ಪಿಗೆ ಜಾರದಿರಲು ಅದಕ್ಕಿಂತ ಎರಡು ಸೆಂಟಿಮೀಟರ್ ಕಡಿಮೆ ಇರಬೇಕು. ನಾಲ್ಕು ಎಳೆಯ ತೆಳು ಉಣ್ಣೆ, ಹತ್ತನೆಯ ನಂಬರಿನ ಇಬ್ಬದಿ ಮೊನೆಯ ಕಡ್ಡಿಗಳು, 10 ಸೆಂಟಿಮೀಟರಿಗೆ 28 ಕುಣಿಕೆ, ಒಟ್ಟು 104. ನೆತ್ತಿಗೆ ಬಂದಾಗ 13ರಂತೆ ಎಂಟು ಭಾಗ ಮಾಡಿ, ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಪ್ರತಿ ಭಾಗದಲ್ಲೂ ಎರಡನ್ನು ಒಂದಾಗಿಸುತ್ತ ಹೋದರೆ ಕೊನೆಗೆ ಎಂಟು ಉಳಿಯುತ್ತವೆ, ಅವುಗಳೊಳಗೆ ದಾರ ಪೋಣಿಸಿ ಬಿಗಿದರೆ ಆಯಿತು. ನಮ್ಮ ಹಳೆಯ ಕುಂಚಿಗೆಗಳಿಗೆ ಗದ್ದದ ಕೆಳಗೆ ಕಟ್ಟುವ ಲಾಡಿ ಇರುತ್ತಿತ್ತು. ಲಾಡಿ ಕುತ್ತಿಗೆಗೆ ಸುತ್ತಿಕೊಂಡೀತೆಂಬ ಭಯದಿಂದ ನಾನು ಹಾಕಲಿಲ್ಲ, ಕಿವಿ ಮುಚ್ಚುವಷ್ಟು ಬಾರ್ಡರನ್ನೇ ಉದ್ದ ಮಾಡಿದೆ. ಸಂಕ್ರಾಂತಿಯ ಸಂಜೆ ಕೂಸನ್ನು ಮಣೆಯ ಮೇಲೆ ತೊಡೆಯಲ್ಲಿ ಕೂರಿಸಿಕೊಂಡು ಬಾರೆಹಣ್ಣು, ಚುರಮುರಿ, ಕಬ್ಬಿನ ಸಣ್ಣ ತುಂಡು ಎರೆದಾಗ ಆ ಟೊಪ್ಪಿಗೆ ಅದರ ಎಳೆಯ ನೆತ್ತಿಯ ಮೇಲಿತ್ತು.

ಎಳ್ಳು ಅಮಾವಾಸ್ಯೆಯ ದಿನ ಅತ್ತೆಯವರು ಇಳಕಲ್ ಸೀರೆಯ ಮೇಲೆ ಸ್ವೆಟರ್ ತೊಟ್ಟೇ ಹೊಲಕ್ಕೆ ಬಂದರು. ಜೋಳದ ಬೆಳೆಯ ನಡುವೆ ಭೂಮಿತಾಯಿಗೆಂದು ಅಡುಗೆಯ ಚರಗ ಚೆಲ್ಲುವಾಗ ತೋಳು ಎಲ್ಲಿಯೂ ಅಡ್ಡ ಬರಲಿಲ್ಲ. ಊಟ ಮುಗಿದು ಎಲೆ ಅಡಿಕೆಗೆ ಸಂಚಿ ತೆಗೆಯಬೇಕಾದಾಗ ಮಾತ್ರ, ಸೊಂಟದಲ್ಲಿ ಸಿಕ್ಕಿಸಿದ್ದ ಅದು ಸ್ವೆಟರಿನ ಅಡಿಯಲ್ಲಿ ಸಿಗದೆ ಎರಡು ಗುಂಡಿ ಬಿಚ್ಚಬೇಕಾಯಿತು. ‘ಎಲ್ಲಾ ಚಲೋ ಆಗೇತಿ. ಇಲ್ಲೊಂದು ಬಕ್ಕಣ ಹಚ್ಚಿಕೊಡು’ ಎಂದು ಬಲಗಡೆ ಕೈಯಿಟ್ಟು ಕಿಸೆಯ ಜಾಗ ತೋರಿಸಿದರು. ಸ್ವೆಟರ್ ಈಗ ನನ್ನ ಬಳಿಗೆ ಮರಳಿದೆ. ತೊಳೆದು ಮಾಳಿಗೆಯ ಮೇಲೆ ಕೌದಿಯಲ್ಲಿ ಹಾಸಿ ಒಣಗಿಸಿ ಅಳೆದಾಗ ಸುತ್ತಳತೆ ಸರಿಯಾಗಿ 100 ಇತ್ತು. ಸಂಚಿಯ ಅಗಲಕ್ಕೆ ಸರಿಯಾಗಿ 28 ಕುಣಿಕೆಗಳನ್ನು ಮೈಯಿಂದಲೇ ಎತ್ತಿಕೊಂಡಿದ್ದೇನೆ. ನಿನ್ನೆ ರಾತ್ರಿಗೆ ಒಂಬತ್ತು ಸಾಲು ಆಗಿದೆ.